ಅಜ್ಜಿಯಿಂದ ಮೊಮ್ಮಗನವರೆಗೆ: ಹೆಚ್ಚು ಬಳಕೆಯಲ್ಲಿಲ್ಲದ ಮಣೆಯಾಟಗಳಲ್ಲಿ ಯಾವುದನ್ನು ಆರಿಸಬೇಕು?

ಬೇಸಿಗೆ ರಜೆ ಬಂತೆಂದರೆ ತುಮಕೂರಿನ ಬಹುತೇಕ ಮನೆಗಳಲ್ಲಿ ಅಟ್ಟದಿಂದ ಕೆಳಗಿಳಿಯುವ ಆಟಗಳು ಮೂರೋ ನಾಲ್ಕೋ: ಲೂಡೊ, ಹಾವು-ಏಣಿ, ಕೇರಂ, ಹೆಚ್ಚೆಂದರೆ ಚೆಸ್. ಇವುಗಳ ಮೇಲೆ ನನಗೆ ತಕರಾರಿಲ್ಲ. ಆದರೆ ಅಜ್ಜಿ, ಅಪ್ಪ, ಅಮ್ಮ, ಹೈಸ್ಕೂಲಿಗೆ ಹೋಗುವ ಮಗಳು ಮತ್ತು ಮೂರನೆಯ ತರಗತಿಯ ಮಗ ಒಟ್ಟಿಗೆ ಕೂತು ಆಡಬೇಕೆಂದಾಗ ಇವು ಎರಡು ತುದಿಗಳಿಗೆ ಸರಿದು ನಿಲ್ಲುತ್ತವೆ. ಹಾವು-ಏಣಿಯಲ್ಲಿ ದಾಳ ಬಿದ್ದಷ್ಟು ಮನೆ ಮುಂದಕ್ಕೆ ಹೋಗುವುದನ್ನು ಬಿಟ್ಟರೆ ಆಡುವವರು ತೀರ್ಮಾನಿಸಬೇಕಾದದ್ದು ಏನೂ ಇಲ್ಲ. ಚೆಸ್‌ನಲ್ಲಿ ಎಲ್ಲವೂ ತೀರ್ಮಾನವೇ ಆದ್ದರಿಂದ, ತರಬೇತಿಗೆ ಹೋಗಿ ಬಂದ ಅಕ್ಕನೆದುರು ತಮ್ಮ ಸ್ವಲ್ಪ ಹೊತ್ತಿನಲ್ಲೇ ಸೋತು ಎದ್ದು ಹೋಗುತ್ತಾನೆ, ಅಕ್ಕನಿಗೂ ಆ ಗೆಲುವಿನಲ್ಲಿ ರುಚಿ ಇರುವುದಿಲ್ಲ. ಈ ಎರಡು ತುದಿಗಳ ನಡುವೆ, ಬುದ್ಧಿಗೆ ಕೆಲಸ ಕೊಡುತ್ತಲೇ ವಯಸ್ಸಿನ ಅಂತರವನ್ನು ತಾಳಿಕೊಳ್ಳುವ ಆಟಗಳು ಸಾಕಷ್ಟಿವೆ. ಅವುಗಳಲ್ಲಿ ಕೆಲವು ನಮ್ಮದೇ ಜಗಲಿಯ ಮೇಲಿದ್ದು ಮರೆತುಹೋದವು, ಕೆಲವು ಯೂರೋಪಿನಲ್ಲಿ ಹುಟ್ಟಿ ನಮ್ಮ ಅಂಗಡಿಗಳವರೆಗೆ ಇನ್ನೂ ಬಾರದವು. ಯಾವ ಮನೆಗೆ ಯಾವುದು ಹೊಂದುತ್ತದೆ ಎಂಬುದನ್ನು ಇಲ್ಲಿ ಹೋಲಿಸಿ ನೋಡಿದ್ದೇನೆ.

ಪೆಟ್ಟಿಗೆಯ ಮೇಲಿನ ಚಿತ್ರವನ್ನೋ ಬಹುಮಾನದ ಮುದ್ರೆಯನ್ನೋ ನೋಡಿ ಆರಿಸುವುದಕ್ಕಿಂತ ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಮೇಲು ಎಂದು ನಾನು ನಂಬಿದ್ದೇನೆ: ಆಟ ಮುಗಿಯುವವರೆಗೂ ಮನೆಯ ಅತ್ಯಂತ ಕಿರಿಯರಿಗೂ ಹಿರಿಯರಿಗೂ ಯೋಚಿಸಲು ಏನಾದರೂ ಉಳಿದಿರುತ್ತದೆಯೇ? ಅರ್ಧದಲ್ಲೇ ಒಬ್ಬರು ಆಟದಿಂದ ಹೊರಬೀಳುವಂತಿದ್ದರೆ, ಅಥವಾ ಒಬ್ಬರ ಸರದಿ ಮುಗಿಯುವವರೆಗೆ ಉಳಿದವರು ಆಕಳಿಸುತ್ತ ಕೂರಬೇಕಾದರೆ, ಆ ಆಟ ಎಷ್ಟೇ ಹೆಸರುವಾಸಿಯಾಗಿದ್ದರೂ ಮನೆಮಂದಿಗೆ ಹೊಂದುವುದಿಲ್ಲ. ಭಾಷೆಯ ಪ್ರಶ್ನೆಯೂ ಇದಕ್ಕೆ ಅಂಟಿಕೊಂಡೇ ಬರುತ್ತದೆ. ಹೊಸ ಆಟಗಳಲ್ಲಿ ಎಷ್ಟೋ ಇಂಗ್ಲಿಷ್ ವಾಕ್ಯಗಳಿರುವ ಕಾರ್ಡುಗಳನ್ನು ನೆಚ್ಚಿಕೊಂಡಿವೆ. ಕನ್ನಡ ಮಾಧ್ಯಮದ ಮಗುವೋ ಅಜ್ಜಿಯೋ ತಮ್ಮ ಕೈಯಲ್ಲಿರುವ ಕಾರ್ಡನ್ನು ಪಕ್ಕದವರಿಗೆ ತೋರಿಸಿ ಅರ್ಥ ಕೇಳಿದರೆ ಅಲ್ಲಿಗೆ ಗುಟ್ಟು ಹೋಯಿತು, ಆಟವೂ ಹೋಯಿತು. ಆದ್ದರಿಂದ ಇಲ್ಲಿ ಹೆಸರಿಸುವ ಆಟಗಳಲ್ಲಿ ಒಂದನ್ನು ಬಿಟ್ಟು ಉಳಿದ ಯಾವುದರಲ್ಲೂ ಆಡುವಾಗ ಓದಬೇಕಾದದ್ದು ಇಲ್ಲ. ಇನ್ನು ಸಮಯ. ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವವರ ಮನೆಗಳು ನಮ್ಮ ಊರಿನಲ್ಲಿ ಕಡಿಮೆಯಿಲ್ಲ. ರಾತ್ರಿ ಮನೆ ಸೇರಿ, ಊಟ ಮುಗಿಸಿ, ಮಕ್ಕಳು ಮಲಗುವ ಮೊದಲು ಸಿಗುವುದು ಅರ್ಧ ಗಂಟೆ. ಎರಡು ಗಂಟೆ ಬೇಡುವ ಆಟವನ್ನು ಕೊಂಡು ತಂದರೆ ಅದು ಭಾನುವಾರಕ್ಕಾಗಿ ಕಾಯುತ್ತ ಬೀರುವಿನಲ್ಲೇ ಉಳಿಯುತ್ತದೆ.

ಮೊದಲು ಕಾಸು ಖರ್ಚಿಲ್ಲದ ಆಟಗಳನ್ನು ನೋಡೋಣ. ಇವುಗಳಲ್ಲಿ ನಾನು ಮೊದಲ ಸ್ಥಾನ ಕೊಡುವುದು ಹುಲಿ-ಕುರಿ ಆಟಕ್ಕೆ. ಆಡು-ಹುಲಿ ಎಂದೂ ಕರೆಯುವ ಇದನ್ನು ಪಾವಗಡದ ಕಡೆಯ ತೆಲುಗು ಮಾತಿನ ಮನೆಗಳವರು ಪುಲಿ-ಮೇಕ ಎನ್ನುತ್ತಾರೆ. ಹಳೆಯ ದೇವಸ್ಥಾನಗಳ ಕಲ್ಲುಚಪ್ಪಡಿಗಳ ಮೇಲೆ ಕೊರೆದಿರುವ ಗೆರೆಗಳಲ್ಲಿ ಇದರ ಮನೆಗಳನ್ನು ಈಗಲೂ ಕಾಣಬಹುದು. ತ್ರಿಕೋನದ ತುದಿಯಿಂದ ಇಳಿಯುವ ಗೆರೆಗಳನ್ನು ಅಡ್ಡಗೆರೆಗಳು ಕತ್ತರಿಸುವ 23 ಬಿಂದುಗಳು, 3 ಹುಲಿ, 15 ಕುರಿ: ಇಷ್ಟೇ ಸಾಮಗ್ರಿ. ಕುರಿಯವರು ಸರದಿಗೊಂದರಂತೆ ಕುರಿಗಳನ್ನು ಇಡುತ್ತ ಹೋಗಬೇಕು, ಹದಿನೈದೂ ಮಣೆಯ ಮೇಲೆ ಬರುವವರೆಗೆ ಒಂದನ್ನೂ ಸರಿಸುವಂತಿಲ್ಲ. ಹುಲಿಯಾದರೋ ಮೊದಲ ಸುತ್ತಿನಿಂದಲೇ ಓಡಾಡುತ್ತದೆ, ಕುರಿಯ ಬೆನ್ನ ಹಿಂದಿನ ಬಿಂದು ಖಾಲಿಯಿದ್ದರೆ ಅದರ ಮೇಲಿಂದ ಹಾರಿ ಕೊಲ್ಲುತ್ತದೆ. ಮೂರೂ ಹುಲಿಗಳು ಅಲ್ಲಾಡದಂತೆ ಕಟ್ಟಿಹಾಕಿದರೆ ಕುರಿಗಳ ಗೆಲುವು.

ಈ ಆಟದ ನಿಜವಾದ ಬೆಲೆಯಿರುವುದು ಎರಡು ಕಡೆಗಳು ಸಮನಾಗಿಲ್ಲದಿರುವುದರಲ್ಲಿ. ಹೊಸಬರಿಗೆ ಹುಲಿಯ ಕಡೆ ಸುಲಭ, ಏಕೆಂದರೆ ಮೂರೇ ಕಾಯಿಗಳನ್ನು ಗಮನಿಸಿದರೆ ಸಾಕು ಮತ್ತು ಹಾರುವ ಅವಕಾಶ ಕಣ್ಣಿಗೆ ತಾನಾಗಿ ಬೀಳುತ್ತದೆ. ಕುರಿಯ ಕಡೆ ಆಡುವವರಿಗೆ ತಾಳ್ಮೆ ಬೇಕು. ಮೊದಲ ಕುರಿಗಳನ್ನು ಹಿಂದೆ ಬಿಂದುವೇ ಇಲ್ಲದ ಅಂಚಿನಲ್ಲಿಡಬೇಕು, ನಡುಮನೆಗೆ ಇಳಿಸುವ ಪ್ರತಿ ಕುರಿಯ ಬೆನ್ನಿಗೆ ಇನ್ನೊಂದು ಕುರಿ ನಿಂತಿರಬೇಕು, ಹುಲಿಗೆ ಆಸೆ ಹುಟ್ಟಿಸಿ ಒಂದು ಕುರಿಯನ್ನು ಬಿಟ್ಟುಕೊಟ್ಟು ಅದನ್ನು ಮೂಲೆಗೆ ಸೆಳೆಯುವ ಲೆಕ್ಕವೂ ತಿಳಿದಿರಬೇಕು. ಹಾಗಾಗಿ ಮಗುವಿಗೆ ಹುಲಿಯನ್ನೂ ದೊಡ್ಡವರಿಗೆ ಕುರಿಗಳನ್ನೂ ಕೊಟ್ಟರೆ, ಯಾರೂ ಬೇಕೆಂದೇ ಸೋಲದೆ ಆಟ ಸಮತೂಕಕ್ಕೆ ಬರುತ್ತದೆ. ಮಗು ಗೆಲ್ಲತೊಡಗಿದ ಮೇಲೆ ಕಡೆ ಬದಲಿಸಿದರಾಯಿತು. ಎಷ್ಟು ಕುರಿ ಸತ್ತರೆ ಹುಲಿ ಗೆದ್ದಂತೆ ಎಂಬುದು ಊರಿಗೊಂದು ಬಗೆಯಾದ್ದರಿಂದ ಅದನ್ನು ಆಟಕ್ಕೆ ಮೊದಲೇ ಒಪ್ಪಿಕೊಳ್ಳುವುದು ಒಳ್ಳೆಯದು, ಇಲ್ಲದಿದ್ದರೆ ಜಗಳ ಖಂಡಿತ.

ಅಳಗುಳಿಮಣೆ ಇದಕ್ಕಿಂತ ಸೌಮ್ಯವಾದದ್ದು. ಎರಡು ಸಾಲುಗಳಲ್ಲಿ ಏಳೇಳರಂತೆ 14 ಗುಳಿಗಳು, ಗುಳಿಗೆ ಐದರಂತೆ ಹಾಕಿದರೆ 70 ಬೀಜಗಳು, ನಾಲ್ಕರಂತೆ ಹಾಕುವ ಪದ್ಧತಿಯಲ್ಲಿ 56. ಹುಣಸೆಗೆ ಹೆಸರಾದ ನಮ್ಮ ಜಿಲ್ಲೆಯಲ್ಲಿ ಬೀಜಗಳಿಗೆ ಬರವಿಲ್ಲ. ಹಣ್ಣು ಕುಟ್ಟುವ ದಿನಗಳಲ್ಲಿ ಅಂಗಳದಿಂದ ಒಂದು ಹಿಡಿ ಎತ್ತಿಟ್ಟುಕೊಂಡರೆ ವರ್ಷವಿಡೀ ಆಡಬಹುದು. ತನ್ನ ಸಾಲಿನ ಒಂದು ಗುಳಿಯ ಬೀಜಗಳನ್ನೆಲ್ಲ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗಬೇಕು. ಕೈ ಬರಿದಾದಾಗ ಅದರ ಮುಂದಿನ ಗುಳಿಯಲ್ಲಿರುವುದನ್ನು ಎತ್ತಿ ಮುಂದುವರಿಯಬೇಕು. ಆ ಮುಂದಿನ ಗುಳಿ ಖಾಲಿಯಿದ್ದರೆ ಅದರಾಚೆಯ ಗುಳಿಯಲ್ಲಿರುವ ಬೀಜಗಳೆಲ್ಲ ಆಡಿದವರ ಪಾಲು. ದಾಳವಿಲ್ಲ, ಕವಡೆಯಿಲ್ಲ, ಅದೃಷ್ಟಕ್ಕೆ ಎಡೆಯೇ ಇಲ್ಲ. ಆದರೂ ಹಾಕಿದ ಬೀಜಗಳು ಸುತ್ತಿಗೆ ಸುತ್ತು ಬೆಳೆಯುತ್ತ ಹೋಗುವುದರಿಂದ ಕೊನೆ ಎಲ್ಲಿ ಬೀಳುತ್ತದೆಂದು ಪೂರ್ತಿ ಎಣಿಸುವುದು ದೊಡ್ಡವರಿಗೂ ಕಷ್ಟ. ಆ ಕಷ್ಟವೇ ಮಗುವಿಗೆ ಆಸರೆಯಾಗುತ್ತದೆ. ಬಾಲ್ಯದಲ್ಲಿ ಆಡಿ ಪಳಗಿದ ಅಜ್ಜಿಯರ ಕೈ ನೋಡಬೇಕು: ಎಣಿಸದೆ, ಗುಳಿಯ ತುಂಬಿದ ಬಗೆಯನ್ನು ಕಣ್ಣಲ್ಲೇ ಅಳೆದು, ಯಾವುದನ್ನು ಎತ್ತಿದರೆ ಖಾಲಿ ಗುಳಿಯ ಮುಂದೆ ಹೋಗಿ ನಿಲ್ಲುತ್ತದೆಂದು ಕ್ಷಣದಲ್ಲಿ ಹೇಳಿಬಿಡುತ್ತಾರೆ. ಮನೆಯಲ್ಲಿ ಕಲಿಸುವ ಸ್ಥಾನ ಹಿರಿಯರಿಗೆ ಸಿಗಬೇಕೆಂದಿದ್ದರೆ ಇದಕ್ಕಿಂತ ಒಳ್ಳೆಯ ಆಯ್ಕೆ ನನಗೆ ಕಾಣದು. ಕೊರತೆಯೆಂದರೆ ಇದು ಇಬ್ಬರ ಆಟ, ಮೂರನೆಯವರು ನೋಡುತ್ತ ಕೂರಬೇಕು. ಮಡಚುವ ಮರದ ಮಣೆ ಇಲ್ಲದಿದ್ದರೂ ಚಿಂತೆಯಿಲ್ಲ, ನೆಲದ ಮೇಲೆ ಸೀಮೆಸುಣ್ಣದಿಂದ ಬರೆದ ಹದಿನಾಲ್ಕು ವೃತ್ತಗಳು ಸಾಕು.

ಸಾಲುಮನೆ ಅಥವಾ ನವಕಂಕರಿಯನ್ನು, ತೆಲುಗಿನವರ ದಾಡಿ ಆಟವನ್ನು, ನಾನು ಅಷ್ಟಾಗಿ ಶಿಫಾರಸು ಮಾಡುವುದಿಲ್ಲ. 24 ಬಿಂದುಗಳ ಮೇಲೆ ತಲಾ 9 ಕಾಯಿಗಳನ್ನಿಟ್ಟು ಮೂರನ್ನು ಸಾಲುಗೂಡಿಸಿದಾಗಲೆಲ್ಲ ಎದುರಾಳಿಯ ಒಂದನ್ನು ತೆಗೆಯುವ ಈ ಆಟದಲ್ಲಿ, ಒಮ್ಮೆ ಮುಂದೆ ಹೋದವರು ಮುಂದೆಯೇ ಉಳಿಯುತ್ತಾರೆ, ಸೋಲುವವರಿಗೆ ಕಾಯಿಗಳೂ ಆಯ್ಕೆಗಳೂ ಒಟ್ಟಿಗೆ ಕರಗುತ್ತವೆ. ಇಬ್ಬರೂ ತಪ್ಪಿಲ್ಲದೆ ಆಡಿದರೆ ಆಟ ಸಮವಾಗಿ ಮುಗಿಯುತ್ತದೆಂದು 1993ರಲ್ಲಿ ಕಂಪ್ಯೂಟರ್ ಲೆಕ್ಕಾಚಾರದಿಂದ ತೋರಿಸಿಯೂ ಆಗಿದೆ. ಸರಿಸಮಾನರಾದ ಇಬ್ಬರಿಗೆ ಚೆನ್ನ.

ನಾಲ್ವರು ಕೂತು ಆಡಬೇಕೆಂದರೆ ನಮ್ಮ ಹಳೆಯ ಆಟಗಳಲ್ಲಿ ಚೌಕಾಬಾರವೇ ಸರಿ. ಇದು ಅಷ್ಟೇನೂ ಅಪರಿಚಿತವಲ್ಲವಾದರೂ ಇದನ್ನು ಬರೀ ಅದೃಷ್ಟದ ಆಟವೆಂದು ತಳ್ಳಿಹಾಕುವವರಿದ್ದಾರೆ, ಅದು ಸರಿಯಲ್ಲ. ಐದು-ಐದರ 25 ಮನೆಗಳು, ತಲಾ ನಾಲ್ಕು ಕಾಯಿಗಳು. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ, ಒಳಸುತ್ತು ದಾಟದೆ ಕಾಯಿ ಹಣ್ಣಾಗುವುದಿಲ್ಲ. ಹುಣಸೆ ಬೀಜವನ್ನು ಒಂದು ಮಗ್ಗುಲಿಗೆ ತೇಯ್ದು ಬಿಳಿ ಮಾಡಿಕೊಂಡ ನಾಲ್ಕು ದಾಳಗಳು ಎರಡೂ ಮಗ್ಗುಲಿಗೆ ಸಮನಾಗಿ ಬೀಳುತ್ತವೆಂದಿಟ್ಟುಕೊಂಡರೆ, ಒಟ್ಟು 16 ಸಾಧ್ಯತೆಗಳಲ್ಲಿ ಎರಡು ಬೀಳುವುದು ಆರರಲ್ಲಿ, ಒಂದು ಮತ್ತು ಮೂರು ತಲಾ ನಾಲ್ಕರಲ್ಲಿ, ಚೌಕ (ನಾಲ್ಕು) ಮತ್ತು ಬಾರ (ಎಂಟು) ತಲಾ ಒಂದರಲ್ಲಿ ಮಾತ್ರ. ಇದನ್ನು ತಿಳಿದ ಮಗು ತನ್ನ ಕಾಯಿಯನ್ನು ಎದುರಾಳಿಯಿಂದ ಎರಡು ಮನೆ ಮುಂದೆ ನಿಲ್ಲಿಸುವುದಿಲ್ಲ, ನಾಲ್ಕು ಮನೆ ಮುಂದೆ ಧೈರ್ಯವಾಗಿ ನಿಲ್ಲಿಸುತ್ತದೆ. ಮನೆಯಲ್ಲಿ ಗಣಿತದ ಈ ಪಾಠಕ್ಕೆ ಬೇರೆ ಪುಸ್ತಕ ಬೇಕಿಲ್ಲ.

ಈಗ ಪೆಟ್ಟಿಗೆಯಲ್ಲಿ ಬರುವ ಆಟಗಳಿಗೆ ಬರೋಣ. ಆಟಿಕೆ ಅಂಗಡಿಗಳಲ್ಲಿ ಇವು ಸಾಮಾನ್ಯವಾಗಿ ಸಿಗುವುದಿಲ್ಲ, ಆನ್‌ಲೈನ್‌ನಲ್ಲಿ ತರಿಸಬೇಕು. ಆಮದಾಗಿ ಬರುವ ಕೆಲವುದರ ಬೆಲೆ ಸಾವಿರಗಳಲ್ಲಿರುವುದರಿಂದ ಆಯ್ಕೆಯಲ್ಲಿ ಎಚ್ಚರ ಬೇಕು.

ಇಬ್ಬರ ಆಟಗಳಲ್ಲಿ ಕ್ವಾರ್ಟೊ ಮತ್ತು ಕ್ವೊರಿಡಾರ್ ನಡುವೆ ಆರಿಸಬೇಕಾಗುತ್ತದೆ. 1991ರಲ್ಲಿ ಬ್ಲೇಸ್ ಮ್ಯೂಲರ್ ರೂಪಿಸಿದ ಕ್ವಾರ್ಟೊದಲ್ಲಿ 16 ಮನೆಗಳು, 16 ಕಾಯಿಗಳು. ಪ್ರತಿ ಕಾಯಿಯೂ ಎತ್ತರ ಅಥವಾ ಗಿಡ್ಡ, ತಿಳಿಬಣ್ಣ ಅಥವಾ ಗಾಢಬಣ್ಣ, ದುಂಡು ಅಥವಾ ಚೌಕ, ತಲೆ ಟೊಳ್ಳು ಅಥವಾ ಗಟ್ಟಿ. ಯಾವುದಾದರೂ ಒಂದು ಗುಣದಲ್ಲಿ ಹೊಂದುವ ನಾಲ್ಕು ಕಾಯಿಗಳು ಒಂದೇ ಗೆರೆಗೆ ಬಂದರೆ ಗೆಲುವು. ಇದರ ವಿಶೇಷವೆಂದರೆ ನೀವು ಇಡಬೇಕಾದ ಕಾಯಿಯನ್ನು ಆರಿಸಿ ಕೊಡುವವರು ನಿಮ್ಮ ಎದುರಾಳಿ. ಆಟದ ಕೊನೆಯ ಹೊತ್ತಿಗೆ ಉಳಿದಿರುವ ನಾಲ್ಕೈದು ಕಾಯಿಗಳಲ್ಲಿ ಒಂದನ್ನು ಕೈಗೆತ್ತಿಕೊಂಡ ಮಗು, ‘ಎತ್ತರ ಕೊಟ್ಟರೆ ಆ ಸಾಲು, ದುಂಡು ಕೊಟ್ಟರೆ ಈ ಮೂಲೆ’ ಎಂದು ತುಟಿಯಲ್ಲೇ ಎಣಿಸಿಕೊಂಡು, ಕೊಡಲೋ ಬೇಡವೋ ಎಂದು ಕೈ ಹಿಂದೆ ಮುಂದೆ ಮಾಡುವುದನ್ನು ನೋಡಿದರೆ ಆಟದ ಸತ್ವ ಅರ್ಥವಾಗುತ್ತದೆ. ಮೊದಮೊದಲು ಎತ್ತರ ಮತ್ತು ಬಣ್ಣ ಎಂಬ ಎರಡೇ ಗುಣಗಳಿಂದ ಆಡಿಸಿ ಆಮೇಲೆ ಉಳಿದವನ್ನು ಸೇರಿಸಿದರೆ ಸಣ್ಣವರೂ ಹಿಡಿದುಕೊಳ್ಳುತ್ತಾರೆ.

ಕ್ವೊರಿಡಾರ್ 1997ರದು, ಮಿರ್ಕೊ ಮಾರ್ಕೇಸಿಯವರ ರಚನೆ. 9-9ರ 81 ಮನೆಗಳ ಬೋರ್ಡಿನಲ್ಲಿ ತಮ್ಮ ಒಂದೇ ಕಾಯಿಯನ್ನು ಎದುರು ದಡಕ್ಕೆ ಮುಟ್ಟಿಸಬೇಕು. ಸರದಿ ಬಂದಾಗ ಕಾಯಿಯನ್ನು ಒಂದು ಮನೆ ಸರಿಸಬಹುದು, ಇಲ್ಲವೇ ಎರಡು ಮನೆಯುದ್ದದ ಗೋಡೆಯೊಂದನ್ನು ನಿಲ್ಲಿಸಿ ಎದುರಾಳಿ ಸುತ್ತುಬಳಸಿ ಹೋಗುವಂತೆ ಮಾಡಬಹುದು. ಆದರೆ ದಾರಿಯನ್ನು ಪೂರ್ತಿ ಮುಚ್ಚುವಂತಿಲ್ಲ. ನಿಯಮ ಹೇಳಲು ಎರಡು ನಿಮಿಷ ಸಾಕು, ಆಟ ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಮನೆಮಂದಿಗೆ ನಾನು ಕ್ವಾರ್ಟೊಕ್ಕಿಂತ ಇದನ್ನೇ ಮೇಲೆಂದು ಎಣಿಸಲು ಎರಡು ಕಾರಣಗಳಿವೆ. ಇಬ್ಬರ ಬದಲು ನಾಲ್ವರೂ ಆಡಬಹುದು, ಆಗ 20 ಗೋಡೆಗಳು ತಲಾ ಐದರಂತೆ ಹಂಚಿಹೋಗುತ್ತವೆ. ಜೊತೆಗೆ, ಇಬ್ಬರ ಆಟದಲ್ಲಿ ತಲಾ ಹತ್ತು ಗೋಡೆಗಳಿರುವಲ್ಲಿ ದೊಡ್ಡವರು ಏಳನ್ನೋ ಆರನ್ನೋ ಇಟ್ಟುಕೊಂಡರೆ ಹುಲಿ-ಕುರಿಯಲ್ಲಿ ಕಂಡ ಸಮತೂಕ ಇಲ್ಲಿಯೂ ಸಿಗುತ್ತದೆ. ಕ್ವಾರ್ಟೊದಲ್ಲಿ ಹೀಗೆ ಬಿಟ್ಟುಕೊಡಲು ದಾರಿಯಿಲ್ಲ. ಕೊಳ್ಳುವ ಮೊದಲು ರುಚಿ ನೋಡಬೇಕೆಂದರೆ ಚಾರ್ಟ್ ಹಾಳೆಯ ಮೇಲೆ 81 ಮನೆಗಳನ್ನು ಗೀಚಿ, ಎರಡು ಮನೆಗಳು ಒಂದು ಬೆಂಕಿಕಡ್ಡಿಯ ಉದ್ದಕ್ಕೆ ಸರಿಹೋಗುವಂತೆ ಮಾಡಿಕೊಂಡರೆ ಕಡ್ಡಿಗಳೇ ಗೋಡೆಗಳಾಗುತ್ತವೆ.

ಬೋರ್ಡೇ ಇಲ್ಲದ ಹೈವ್ ಎಂಬುದೊಂದು ಇದೆ. ಜಾನ್ ಯಿಯಾನಿಯವರ 2001ರ ಆಟ. ಆರು ಮೂಲೆಯ ಬಿಲ್ಲೆಗಳ ಮೇಲೆ ಇರುವೆ, ಜೇಡ, ಮಿಡತೆ, ಜೀರುಂಡೆಗಳು, ಒಂದೊಂದಕ್ಕೂ ಒಂದೊಂದು ನಡಿಗೆ. ಎದುರಾಳಿಯ ರಾಣಿಜೇನನ್ನು ಆರೂ ಕಡೆಯಿಂದ ಸುತ್ತುವರಿದರೆ ಗೆಲುವು, ಆದರೆ ಯಾವ ನಡೆಯೂ ಗೂಡನ್ನು, ಅಂದರೆ ಒಂದಕ್ಕೊಂದು ತಾಗಿ ನಿಂತ ಬಿಲ್ಲೆಗಳ ಗುಂಪನ್ನು, ಎರಡು ತುಂಡಾಗಿಸುವಂತಿಲ್ಲ. ಇದರ ಆಳ ಚೆಸ್‌ಗೆ ಹತ್ತಿರ, ಆದ್ದರಿಂದ ಚೆಸ್‌ನ ತೊಂದರೆಯೂ ಇದಕ್ಕಿದೆ: ಪಳಗಿದವರೆದುರು ಹೊಸಬರು ನಿಲ್ಲುವುದಿಲ್ಲ. ಹೈಸ್ಕೂಲು ದಾಟಿದ ಅಣ್ಣ-ತಂಗಿಯರಿಗೆ ಒಳ್ಳೆಯದು, ಇಡೀ ಮನೆಗಲ್ಲ.

ನಾಲ್ವರಿಗೆಂದೇ ಮಾಡಿದ ಆಟಗಳಲ್ಲಿ ಬ್ಲೋಕಸ್‌ನಷ್ಟು ಬೇಗ ಅರ್ಥವಾಗುವುದು ಇನ್ನೊಂದಿಲ್ಲ. 400 ಮನೆಗಳ ಬೋರ್ಡು, ನಾಲ್ಕು ಬಣ್ಣ, ಬಣ್ಣಕ್ಕೆ 21 ತುಂಡುಗಳು. ನಿಮ್ಮದೇ ಬಣ್ಣದ ತುಂಡುಗಳು ಮೂಲೆಗೆ ಮೂಲೆ ತಾಗಬೇಕು, ಅಂಚಿಗೆ ಅಂಚು ತಾಗಬಾರದು. ನಿಯಮ ಇಷ್ಟೇ. ಆದರೆ ಇಲ್ಲಿ ಒಂದು ಎಚ್ಚರಿಕೆ: ಮೂವರು ಸೇರಿ ಒಬ್ಬರ ದಾರಿ ಮುಚ್ಚಿಬಿಡಬಹುದು, ಹಾಗೆ ಮುಚ್ಚಿಹೋದವರು ಸಾಮಾನ್ಯವಾಗಿ ಅತ್ಯಂತ ಕಿರಿಯರೇ ಆಗಿರುತ್ತಾರೆ ಮತ್ತು ಉಳಿದವರು ಆಡುವುದನ್ನು ನೋಡುತ್ತ ಕೂರುತ್ತಾರೆ. ನಾನು ಮೊದಲು ಕೇಳಿದ ಪ್ರಶ್ನೆಗೆ ಬ್ಲೋಕಸ್ ಪೂರ್ತಿ ಉತ್ತರ ಕೊಡುವುದಿಲ್ಲ.

ಆ ಪ್ರಶ್ನೆಗೆ ಚೆನ್ನಾಗಿ ಉತ್ತರಿಸುವುದು ಕಿಂಗ್‌ಡೊಮಿನೊ. ಬ್ರೂನೊ ಕಥಾಲಾ ರೂಪಿಸಿ 2016ರಲ್ಲಿ ಹೊರಬಂದ ಇದಕ್ಕೆ 2017ರಲ್ಲಿ ಜರ್ಮನಿಯ ವರ್ಷದ ಆಟ ಪ್ರಶಸ್ತಿ ಬಂದಿದೆ. ಗದ್ದೆ, ಕಾಡು, ಕೆರೆ, ಹುಲ್ಲುಗಾವಲು ಇತ್ಯಾದಿಗಳಿರುವ 48 ಜೋಡಿಬಿಲ್ಲೆಗಳಿಂದ ಪ್ರತಿಯೊಬ್ಬರೂ ತಮ್ಮ ಮುಂದೆ ಐದು-ಐದು ಮನೆಗಳ ಪುಟ್ಟ ರಾಜ್ಯವನ್ನು ಕಟ್ಟುತ್ತಾರೆ. ಒಂದೇ ಬಗೆಯ ನೆಲ ಒಟ್ಟಾಗಿ ಎಷ್ಟು ಮನೆಗಳಿದೆಯೋ ಅದನ್ನು ಅದರೊಳಗಿನ ಕಿರೀಟಗಳ ಸಂಖ್ಯೆಯಿಂದ ಗುಣಿಸಿದರೆ ಅಂಕ. ಹತ್ತು ಮನೆಗಳ ಕಾಡಿದ್ದರೂ ಕಿರೀಟವಿಲ್ಲದಿದ್ದರೆ ಸೊನ್ನೆ. ಇದರ ಜಾಣತನವಿರುವುದು ಸರದಿಯಲ್ಲಿ: ಈ ಸುತ್ತಿನಲ್ಲಿ ಬೆಲೆಬಾಳುವ ಬಿಲ್ಲೆಯನ್ನು ತೆಗೆದುಕೊಂಡವರು ಮುಂದಿನ ಸುತ್ತಿನಲ್ಲಿ ಕೊನೆಗೆ ಆರಿಸಬೇಕು, ಸಾಧಾರಣ ಬಿಲ್ಲೆಗೆ ಒಪ್ಪಿದವರಿಗೆ ಮುಂದಿನ ಸಲ ಮೊದಲ ಆಯ್ಕೆ. ಯಾರೂ ಯಾರ ರಾಜ್ಯವನ್ನೂ ಕೆಡವುವುದಿಲ್ಲ, ಯಾರೂ ನಡುವೆ ಹೊರಬೀಳುವುದಿಲ್ಲ, ಸುಮಾರು ಕಾಲು ಗಂಟೆಯಲ್ಲಿ ಮುಗಿಯುತ್ತದೆ, ಮಗ್ಗಿ ಕಲಿಯುತ್ತಿರುವ ಮಗುವಿಗೆ ಅಂಕ ಕೂಡುವ ಕೆಲಸವನ್ನೇ ವಹಿಸಬಹುದು.

ಅಜುಲ್ ಇದಕ್ಕಿಂತ ಗಂಭೀರ ಮತ್ತು ಇದಕ್ಕಿಂತ ಸುಂದರ. ಮೈಕೆಲ್ ಕೀಸ್ಲಿಂಗ್ ಅವರ 2017ರ ಆಟ, ಮರುವರ್ಷ ಅದೇ ಪ್ರಶಸ್ತಿ ಪಡೆದದ್ದು. ಪೋರ್ಚುಗಲ್ಲಿನ ಗೋಡೆಹಂಚುಗಳನ್ನು ನೆನಪಿಸುವ ಐದು ಬಗೆಯ 100 ಬಿಲ್ಲೆಗಳನ್ನು ನಡುವಿನ ತಟ್ಟೆಗಳಿಂದ ಆಯ್ದು ಸಾಲು ತುಂಬಿಸಬೇಕು. ಒಂದು ಬಣ್ಣವನ್ನು ಆರಿಸಿದರೆ ಆ ತಟ್ಟೆಯಲ್ಲಿ ಆ ಬಣ್ಣದ್ದು ಎಷ್ಟಿವೆಯೋ ಅಷ್ಟನ್ನೂ ತೆಗೆದುಕೊಳ್ಳಲೇಬೇಕು, ಸಾಲಿಗೆ ಹೆಚ್ಚಾದದ್ದಕ್ಕೆ ಅಂಕ ಕಡಿತ. ಆದ್ದರಿಂದ ನನಗೆ ಬೇಕಾದದ್ದು ಯಾವುದು ಎಂಬುದರಷ್ಟೇ ಮುಂದಿನವರ ಪಾಲಿಗೆ ಬೇಡದ್ದನ್ನು ಉಳಿಸುವುದು ಹೇಗೆ ಎಂಬ ಲೆಕ್ಕವೂ ನಡೆಯುತ್ತದೆ. ಸೋತು ಅಳುವ ವಯಸ್ಸು ದಾಟಿದ ಮಕ್ಕಳಿರುವ ಮನೆಗೆ ಅಜುಲ್, ದಾಟದವರಿರುವ ಮನೆಗೆ ಕಿಂಗ್‌ಡೊಮಿನೊ ಎಂದು ನಾನು ಹೇಳುತ್ತೇನೆ. ಎರಡರ ಪೆಟ್ಟಿಗೆಯ ಮೇಲೂ ಎಂಟು ವರ್ಷಕ್ಕೆ ಮೇಲ್ಪಟ್ಟವರಿಗೆ ಎಂದಿದ್ದರೂ ಆಡುವಾಗಿನ ಬಿಗಿ ಒಂದೇ ಅಲ್ಲ.

ಓದುವ ಅಗತ್ಯ ಸ್ವಲ್ಪವಿರುವ ಒಂದು ಆಟವೆಂದರೆ ಫರ್ಬಿಡನ್ ಐಲ್ಯಾಂಡ್, ಮ್ಯಾಟ್ ಲೀಕಾಕ್ ಅವರ 2010ರದು. ಅದನ್ನು ಸೇರಿಸಿದ್ದಕ್ಕೆ ಕಾರಣ, ಇಲ್ಲಿ ಮನೆಯವರೆಲ್ಲ ಒಂದೇ ಪಕ್ಷ. 24 ಬಿಲ್ಲೆಗಳ ದ್ವೀಪ ಒಂದೊಂದಾಗಿ ಮುಳುಗುತ್ತಿರುವಾಗ ನಾಲ್ಕು ನಿಧಿಗಳನ್ನು ಸಂಗ್ರಹಿಸಿ ಎಲ್ಲರೂ ಪಾರಾಗಬೇಕು, ಒಬ್ಬರು ಉಳಿದುಹೋದರೂ ಎಲ್ಲರ ಸೋಲು. ಜಾಗದ ಹೆಸರುಗಳು ಇಂಗ್ಲಿಷಿನಲ್ಲಿದ್ದರೂ ಚಿತ್ರ ನೋಡಿ ಹೊಂದಿಸಬಹುದು, ಪ್ರತಿ ಪಾತ್ರದ ವಿಶೇಷ ಶಕ್ತಿಯನ್ನು ಮಾತ್ರ ಮೊದಲೇ ಕನ್ನಡದಲ್ಲಿ ಬರೆದು ಅಂಟಿಸಿಕೊಳ್ಳಬೇಕು. ಕಾರ್ಡುಗಳನ್ನು ಎಲ್ಲರೂ ತೆರೆದಿಟ್ಟೇ ಆಡುವುದರಿಂದ ಗುಟ್ಟಿನ ತೊಂದರೆಯಿಲ್ಲ. ನಿಜವಾದ ತೊಂದರೆ ಬೇರೆ: ಮನೆಯ ಜಾಣರೊಬ್ಬರು ‘ನೀನು ಇಲ್ಲಿಗೆ ಹೋಗು, ಅಮ್ಮ ನೀನು ಅದನ್ನು ಕೊಡು’ ಎಂದು ಎಲ್ಲರ ಆಟವನ್ನೂ ತಾವೇ ಆಡಿಬಿಡುತ್ತಾರೆ. ಸರದಿ ಯಾರದೋ ಅವರು ಕೇಳಿದರೆ ಮಾತ್ರ ಉಳಿದವರು ಸಲಹೆ ಕೊಡಬೇಕೆಂಬ ಮನೆಯ ನಿಯಮ ಮಾಡಿಕೊಂಡರೆ ಇದು ಅಪರೂಪದ ಆಟ. ಸೋಲನ್ನು ತಡೆಯಲಾರದ ಮಗುವಿರುವಲ್ಲಿ ಇದರಿಂದಲೇ ಆರಂಭಿಸುವುದು ಲೇಸು.

ಮನೆಯಲ್ಲಿ ಐವರಿದ್ದರೆ? ಮೇಲಿನ ಯಾವ ಪೆಟ್ಟಿಗೆಯೂ ನಾಲ್ವರನ್ನು ದಾಟುವುದಿಲ್ಲ. ಐವರಿಗೂ ಒಂದೊಂದು ಸ್ಥಾನ ಬೇಕೆಂದರೆ 2000ದಲ್ಲಿ ಬಂದ ಕಾರ್ಕಾಸೋನ್ ಇದೆ. ಬಿಲ್ಲೆ ಜೋಡಿಸುತ್ತ ಊರು, ದಾರಿ, ಮಠಗಳನ್ನು ಕಟ್ಟುವ ಆಟ, ಮೊದಲ ಕೆಲವು ಸಲ ಹೊಲದ ರೈತರ ಅಂಕವನ್ನು ಕೈಬಿಟ್ಟು ಆಡಿದರೆ ಮಕ್ಕಳಿಗೆ ಹಗುರ. ಆದರೂ ನನ್ನ ಆಯ್ಕೆ ಕಿಂಗ್‌ಡೊಮಿನೊವನ್ನೇ ತಂದು, ಅಜ್ಜಿಯನ್ನೂ ಕಿರಿಯ ಮಗುವನ್ನೂ ಒಂದು ರಾಜ್ಯಕ್ಕೆ ಕೂರಿಸುವುದು. ಹಣ ಹಾಕಲು ಮನಸ್ಸಿಲ್ಲದವರು ಹುಲಿ-ಕುರಿಯಿಂದ ಆರಂಭಿಸಲಿ, ಇಬ್ಬರೇ ಇರುವ ಮನೆಯವರು ಕ್ವೊರಿಡಾರ್ ನೋಡಲಿ.

ಯಾವುದನ್ನು ತರಿಸಿದರೂ ಪೆಟ್ಟಿಗೆ ಬಂದ ದಿನವೇ ಕಾಯಿಗಳನ್ನು ಎಣಿಸಿ: ಕಿಂಗ್‌ಡೊಮಿನೊದಲ್ಲಿ 48, ಬ್ಲೋಕಸ್‌ನಲ್ಲಿ 84, ಅಜುಲ್‌ನಲ್ಲಿ 100, ಕ್ವೊರಿಡಾರ್‌ನಲ್ಲಿ 20 ಗೋಡೆಗಳು. ಅಜುಲ್‌ನಲ್ಲಿ ಒಂದು ಬಿಲ್ಲೆ ಕಡಿಮೆಯಾದರೂ ಹೇಗೋ ನಡೆದೀತು, ಕ್ವಾರ್ಟೊದ ಹದಿನಾರರಲ್ಲಿ ಒಂದು ಇಲ್ಲದಿದ್ದರೆ ಅದರ ಲೆಕ್ಕವೇ ಕೆಡುತ್ತದೆ. ಹಿಂದಿರುಗಿಸುವ ಗಡುವು ಸಾಮಾನ್ಯವಾಗಿ ಕೆಲವೇ ದಿನಗಳದ್ದು, ಆದ್ದರಿಂದ ರಜೆಗೆಂದು ಮೊದಲೇ ತರಿಸಿ ಬೀರುವಿನಲ್ಲಿ ಮುಚ್ಚಿಡುವವರು ಕೂಡ ಒಮ್ಮೆ ತೆರೆದು ನೋಡಿಯೇ ಇಡಬೇಕು.